ಒಮ್ಮೆ ತುಂಬಿ ಬಿಚ್ಚಿದ ಚೀಲ

ನವೆಂಬರ್ ಹತ್ತಿರವಾಯಿತೆಂದರೆ ತುಂಗಭದ್ರಾ ಅಚ್ಚುಕಟ್ಟಿನ ಗಂಗಾವತಿ, ಕಾರಟಗಿ, ಸಿಂಧನೂರು ಕಡೆ ಭತ್ತ ಕೊಯ್ಯುವ ಯಂತ್ರಗಳು ಹಗಲಿರುಳೆನ್ನದೆ ಗದ್ದೆಗಿಳಿಯುತ್ತವೆ. ಹಿಂದೆ ವಾರಗಟ್ಟಲೆ ಹಿಡಿಯುತ್ತಿದ್ದ ಕೊಯ್ಲು, ಒಕ್ಕಣೆ ಎರಡೂ ಈಗ ಒಂದು ಮಧ್ಯಾಹ್ನದ ಕೆಲಸ. ರಾಶಿ ಎಷ್ಟು ಬೇಗ ಬೀಳುತ್ತದೋ ಅಷ್ಟೇ ಬೇಗ ತುಂಬಲೂ ಬೇಕು. ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿದಿದೆ ಎಂಬ ಸುದ್ದಿ ಬಂತೋ, ಊರಿಗೆ ಊರೇ ಒಂದು ಮಾತು ಕೇಳತೊಡಗುತ್ತದೆ: "ಚೀಲ ಅದಾವೇನ್ರಿ?"

ಇಲ್ಲಿ ಕೇಳುವ ಚೀಲ ಹೊಸದಲ್ಲ. ಒಮ್ಮೆ ಅಕ್ಕಿಯನ್ನೋ ಬೇಳೆಯನ್ನೋ ಹೊತ್ತು ಬಂದು, ಖಾಲಿಯಾಗಿ, ಮಡಿಕೆ ಬಿದ್ದು, ಯಾರದೋ ಗೋದಾಮಿನಲ್ಲಿ ರಿಪೇರಿಯಾಗಿ ಕೂತಿರುವ ಗೋಣಿಚೀಲ. ಅಡತಿ ಅಂಗಡಿಗಳಲ್ಲಿ ಬಾರದಾನ ಎನ್ನುತ್ತಾರೆ. ರೈಸ್ ಮಿಲ್ಲಿನ ಮಾಲೀಕರು, ದಲಾಲರು, ಶುಂಠಿ ವ್ಯಾಪಾರಿಗಳು, ಮೆಣಸಿನಕಾಯಿ ಖರೀದಿದಾರರು, ನರ್ಸರಿಯವರು, ಕಟ್ಟಡದ ಮೇಸ್ತ್ರಿಗಳು, ಎಲ್ಲರಿಗೂ ಇದು ಬೇಕು. ಎಲ್ಲರಿಗೂ ಸಾಲುವಷ್ಟು ಒಂದು ವರ್ಷವೂ ಇರುವುದಿಲ್ಲ. ಹೆಚ್ಚು ಸುದ್ದಿಯಾಗದ, ಆದರೆ ನಮ್ಮ ಅನ್ನದ ಹಾದಿಯಲ್ಲಿ ಎರಡು ಮೂರು ಸಲ ಎದುರಾಗುವ ಈ ಹಳೆ ಚೀಲದ ವ್ಯಾಪಾರವನ್ನು ಹತ್ತಿರದಿಂದ ನೋಡಿದವರಿಗೆ ಒಂದು ಸಂಗತಿ ಬೇಗ ತಿಳಿಯುತ್ತದೆ. ಹೊಸ ಚೀಲವನ್ನು ತಯಾರು ಮಾಡಿಸಬಹುದು, ಹಳೆಯದನ್ನು ಆಗದು. ಅದು ಇನ್ನೊಬ್ಬರ ಮನೆಯಲ್ಲಿ, ಶಾಲೆಯಲ್ಲಿ, ಅಂಗಡಿಯಲ್ಲಿ ಖಾಲಿಯಾಗಬೇಕು. ಖಾಲಿಯಾಗುವಾಗ ಹರಿಯದೆಯೂ ಉಳಿಯಬೇಕು.

ಗಂಗಾವತಿಯ ಹೊರವಲಯದ ಗೋದಾಮಿನಲ್ಲಿ ಹಳೆ ಚೀಲದ ವ್ಯಾಪಾರಿಯೊಬ್ಬರು ಇದನ್ನು ಹೇಳಿದ್ದು ಹೀಗೆ: "ಹೊಸಾ ಚೀಲ ಬೇಕಂದ್ರ ಕಲ್ಕತ್ತಾಕ್ಕ ಫೋನ್ ಹಚ್ಚಬಹುದು. ಹಳೇದು ಬೇಕಂದ್ರ ಯಾರಿಗೆ ಹಚ್ಚೋಣ್ರಿ? ಮಂದಿ ಅನ್ನ ಉಂಡ್ರ ನಮಗ ಚೀಲ." ಸುತ್ತಲಿನವರೆಲ್ಲ ಅವರನ್ನು ಭಾಯ್ ಎಂದೇ ಕರೆಯುತ್ತಾರೆ. ತಂದೆಯ ಕಾಲದಿಂದ ಇದೇ ಕಸುಬು.

ಕಲ್ಕತ್ತಾದ ಹೆಸರು ಸುಮ್ಮನೆ ಬಂದದ್ದಲ್ಲ. ದೇಶದ ಸೆಣಬಿನ ಗಿರಣಿಗಳು ಬಹುಪಾಲು ಇರುವುದು ಹೂಗ್ಲಿ ನದಿಯ ಎರಡು ದಂಡೆಗಳಲ್ಲಿ. ಅಲ್ಲಿನ ರಿಶ್ರಾದಲ್ಲಿ 1855ರಲ್ಲಿ ಮೊದಲ ಸೆಣಬಿನ ಗಿರಣಿ ಶುರುವಾಯಿತು. ಅದಕ್ಕೂ ಮುಂಚೆ ಬಂಗಾಳದ ನಾರು ಹಡಗೇರಿ ಸ್ಕಾಟ್ಲೆಂಡಿನ ಡಂಡಿ ಪಟ್ಟಣಕ್ಕೆ ಹೋಗಿ, ಅಲ್ಲಿ ನೂಲಾಗಿ ಬಟ್ಟೆಯಾಗುತ್ತಿತ್ತು. 1947ರಲ್ಲಿ ದೇಶ ಒಡೆದಾಗ ಗಿರಣಿಗಳು ಈಚೆ ಉಳಿದವು, ಸೆಣಬು ಬೆಳೆಯುವ ಹೊಲಗಳಲ್ಲಿ ಹೆಚ್ಚಿನವು ಆಚೆ ಹೋದವು. ಆ ಪೆಟ್ಟಿನಿಂದ ಚೇತರಿಸಿಕೊಂಡ ಉದ್ಯಮಕ್ಕೆ ಮುಂದೆ ಪ್ಲಾಸ್ಟಿಕ್ ಎದುರಾಯಿತು. ಆಗ ಬಂದದ್ದು 1987ರ ಸೆಣಬು ಪ್ಯಾಕಿಂಗ್ ಕಡ್ಡಾಯ ಕಾಯ್ದೆ. ಅದರಡಿ ಈಗ ಸರಕಾರ ಕೊಳ್ಳುವ ಆಹಾರ ಧಾನ್ಯವನ್ನು ಪೂರ್ತಿಯಾಗಿ, ಸಕ್ಕರೆಯನ್ನು ಶೇ 20ರಷ್ಟು ಸೆಣಬಿನ ಚೀಲದಲ್ಲೇ ತುಂಬಬೇಕು. ಕೊರತೆ ಬಿದ್ದಾಗ ಮಾತ್ರ ಕೇಂದ್ರ ಸರಕಾರ ವಿನಾಯಿತಿ ಕೊಡುತ್ತದೆ. ರಾಜ್ಯಗಳು ಹಂಗಾಮಿಗೆ ಮುಂಚೆ ಬೇಡಿಕೆ ಸಲ್ಲಿಸುತ್ತವೆ, ಕೋಲ್ಕತ್ತದಲ್ಲಿರುವ ಸೆಣಬು ಆಯುಕ್ತರ ಕಚೇರಿ ಗಿರಣಿಗಳಿಗೆ ಪಾಲು ಹಂಚುತ್ತದೆ, 500 ಚೀಲಗಳ ಬೇಲುಗಳು ರೈಲು ಲಾರಿ ಹತ್ತುತ್ತವೆ.

ಈ ಸರಕಾರಿ ಚೀಲದ ಮೈಕಟ್ಟು ಗೊತ್ತಿದ್ದರೆ ಹಳೆ ಮಾಲಿನ ಲೆಕ್ಕ ಅರ್ಥವಾಗುತ್ತದೆ. ಉದ್ದ 94 ಸೆಂಟಿಮೀಟರ್, ಅಗಲ 57. ತೂಕ 580 ಗ್ರಾಂ. ಹಿಂದೆ 665 ಗ್ರಾಂ ಇತ್ತು. ಹಿಡಿಸುವುದು 50 ಕಿಲೊ ಅಕ್ಕಿ ಅಥವಾ ಗೋಧಿ. ಒಂದು ಕಾಲದಲ್ಲಿ ಹಮಾಲರು ಕ್ವಿಂಟಲ್ ತೂಕದ ಮೂಟೆಯನ್ನೇ ಬೆನ್ನಿಗೆ ಹಾಕಿಕೊಳ್ಳುತ್ತಿದ್ದರು. ಗಂಡಾಳೊಬ್ಬ ಎತ್ತುವ ಭಾರ 55 ಕಿಲೊ ಮೀರಬಾರದೆಂದು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 1967ರಲ್ಲೇ ಶಿಫಾರಸು ಮಾಡಿತ್ತು. ನಮ್ಮಲ್ಲಿ ದೊಡ್ಡ ಚೀಲ ಚಿಕ್ಕದಾಗಲು ಬಹಳ ವರ್ಷ ಹಿಡಿಯಿತು, ಎಲ್ಲ ಕಡೆ ಇನ್ನೂ ಆಗಿಲ್ಲ. ಗಂಗಾವತಿ, ಸಿಂಧನೂರು ಕಡೆ ಖಾಸಗಿ ವ್ಯಾಪಾರದಲ್ಲಿ ಭತ್ತದ ಧಾರಣೆಯನ್ನು ಇಂದಿಗೂ 75 ಕಿಲೊ ಚೀಲಕ್ಕೆ ಇಷ್ಟು ಎಂದೇ ಹೇಳುತ್ತಾರೆ.

ಭತ್ತ ಅಕ್ಕಿಗಿಂತ ಹಗುರ, ಜಾಗ ಹೆಚ್ಚು ತಿನ್ನುತ್ತದೆ. 50 ಕಿಲೊ ಅಕ್ಕಿ ಹಿಡಿಸುವ ಚೀಲದಲ್ಲಿ ಛತ್ತೀಸ್‌ಗಢದವರು 40 ಕಿಲೊ ಭತ್ತ ತುಂಬುತ್ತಾರೆ, ಪಂಜಾಬಿನವರು 37.5 ಕಿಲೊ. ಇದರಿಂದ ಏನಾಗುತ್ತದೆಂದು ನೋಡಿ. ನೂರು ಕ್ವಿಂಟಲ್ ಭತ್ತವನ್ನು 40 ಕಿಲೊ ಲೆಕ್ಕದಲ್ಲಿ ತುಂಬಲು 250 ಚೀಲ ಬೇಕು. ಅದು ಗಿರಣಿಗೆ ಹೋಗಿ ಸರಕಾರಿ ಲೆಕ್ಕದಂತೆ 67 ಕ್ವಿಂಟಲ್ ಅಕ್ಕಿಯಾಗಿ ಹೊರಬಂದಾಗ 134 ಚೀಲ ಸಾಕು. ಉಳಿದ 116 ಚೀಲ ಗಿರಣಿಯ ಅಂಗಳದಲ್ಲೇ ನಿಲ್ಲುತ್ತದೆ. ಹಳೆ ಚೀಲದ ಮೊದಲ ಊಟೆ ಇದು.

ಎರಡನೆಯದು ನ್ಯಾಯಬೆಲೆ ಅಂಗಡಿ. ತಿಂಗಳಿಗೆ ನೂರು ಕ್ವಿಂಟಲ್ ಅಕ್ಕಿ ಹಂಚುವ ಅಂಗಡಿಯಲ್ಲಿ 200 ಖಾಲಿ ಚೀಲ ಉಳಿಯುತ್ತವೆ. 2013ರಲ್ಲಿ ಅನ್ನಭಾಗ್ಯ ಶುರುವಾಗಿ ಪಡಿತರದ ಅಕ್ಕಿ ಹೆಚ್ಚಿದಾಗ ಖಾಲಿ ಚೀಲದ ಹರಿವೂ ಹೆಚ್ಚಿತು. ಪಂಜಾಬು, ಛತ್ತೀಸ್‌ಗಢದ ಗಿರಣಿಗಳ ಮುದ್ರೆ ಹೊತ್ತ ಚೀಲಗಳು ನಮ್ಮ ಹಳ್ಳಿಗಳಲ್ಲಿ ಸಿಗುವುದು ಹೀಗೆ. ಮೂರನೆಯದು ಶಾಲೆಯ ಬಿಸಿಯೂಟ, ವಿದ್ಯಾರ್ಥಿನಿಲಯ, ಅಂಗನವಾಡಿ. ಅಲ್ಲಿ ಖಾಲಿ ಚೀಲವೂ ದಾಸ್ತಾನು, ಅದಕ್ಕೂ ಲೆಕ್ಕ ಒಪ್ಪಿಸಬೇಕು. ಈ ಲೆಕ್ಕ ಎಂಥ ವಿಕಾರಕ್ಕೆ ಹೋಗಬಹುದೆಂದು ಬಿಹಾರದ ಕಟಿಹಾರ ಜಿಲ್ಲೆಯಲ್ಲಿ 2021ರ ಆಗಸ್ಟಿನಲ್ಲಿ ದೇಶವೇ ನೋಡಿತು. ಬಿಸಿಯೂಟದ ಹಳೆ ಚೀಲಗಳನ್ನು ತಲಾ 10 ರೂಪಾಯಿಯಂತೆ ಮಾರಿ ಹಣ ಕಟ್ಟಬೇಕೆಂದು ಶಿಕ್ಷಕರಿಗೆ ಆದೇಶ ಬಂದಿತ್ತು. ಒಬ್ಬ ಶಿಕ್ಷಕರು ಫಲಕ ನೇತುಹಾಕಿಕೊಂಡು ಸಂತೆಯಲ್ಲಿ ಕೂಗಿ ಮಾರಿದರು. ವಿಡಿಯೊ ಹರಡಿತು. ಅವರನ್ನು ಅಮಾನತು ಮಾಡಿದರು. ಇಲಿ ಕಡಿದ, ಮಳೆಗೆ ನೆನೆದ ಚೀಲಕ್ಕೂ ಹತ್ತು ರೂಪಾಯಿ ಹುಟ್ಟಿಸಬೇಕೆಂದು ಪಾಠ ಹೇಳುವವರ ಮೇಲೆ ಹೊರೆ ಹಾಕಿದವರಿಗೆ ಚೀಲದ ವ್ಯಾಪಾರ ಗೊತ್ತಿರಲಿಲ್ಲ. ಅದು ದಿನವಿಡೀ ನೋಡಿ, ಮುಟ್ಟಿ, ವಿಂಗಡಿಸುವವರ ಕೆಲಸ.

ಆ ಕೆಲಸ ನಡೆಯುವ ಗೋದಾಮಿಗೆ ಬರೋಣ.

ತಗಡಿನ ಮಾಡು, ಒಂದೇ ದೊಡ್ಡ ಬಾಗಿಲು. ಬಾಗಿಲಿಗೆ ಎದುರಾಗಿ ಏಳೆಂಟು ಹೆಂಗಸರು ಖಾಲಿ ಚೀಲಗಳ ಗುಡ್ಡೆಯ ಮುಂದೆ ಕೂತಿದ್ದಾರೆ. ಬಾಗಿಲಿಗೆ ಎದುರಾಗಿಯೇ ಕೂರಬೇಕು, ಏಕೆಂದರೆ ಚೀಲ ನೋಡುವುದು ಬೆಳಕಿನಲ್ಲಿ. ಮೊದಲು ಗಂಡಾಳುಗಳು ಹೊರಗಡೆ ಚೀಲವನ್ನು ಒಳಮೈ ಹೊರಗೆ ತಿರುವಿ, ಕಂಬಕ್ಕೆ ಬಡಿದು, ಅಕ್ಕಿಯ ತೌಡು, ನುಚ್ಚು, ಧೂಳು ಉದುರಿಸುತ್ತಾರೆ. ಆಮೇಲೆ ಅದು ಹೆಂಗಸರ ಕೈಗೆ ಬರುತ್ತದೆ. ಅವರು ಎರಡೂ ಮುಷ್ಟಿ ಒಳಗೆ ತೂರಿಸಿ, ಚೀಲವನ್ನು ಅಗಲಿಸಿ, ಬಾಗಿಲ ಕಡೆ ಹಿಡಿದು ಒಂದು ಸುತ್ತು ತಿರುಗಿಸುತ್ತಾರೆ. ತೂತಿದ್ದಲ್ಲಿ ಬಿಸಿಲು ಚುಕ್ಕೆಯಾಗಿ ಕಾಣುತ್ತದೆ. ನೋಡುವಷ್ಟರಲ್ಲಿ ಚೀಲ ಮೂರು ಗುಡ್ಡೆಗಳಲ್ಲಿ ಒಂದಕ್ಕೆ ಹಾರಿರುತ್ತದೆ: ಹಾಗೆಯೇ ಹೋಗುವುದು, ಹೊಲಿಯಬೇಕಾದದ್ದು, ತೇಪೆಗೆ ಕತ್ತರಿಸಬೇಕಾದದ್ದು.

ಚೀಲಕ್ಕೆ ಇಲ್ಲಿ ಬಾಯಿ, ಹೊಟ್ಟೆ, ತಳ, ಅಂಚು ಎಲ್ಲ ಇವೆ. "ಇದರ ಹೊಟ್ಟಿ ಗಟ್ಟಿ ಐತ್ರಿ, ಬಾಯಿ ಅಷ್ಟ ಹೋಗೈತಿ," ಎಂದು ಹಿರಿಯ ಹೆಂಗಸೊಬ್ಬರು ಒಂದನ್ನು ಎತ್ತಿ ತೋರಿಸಿದರು. ಪಕ್ಕದ ಹುಡುಗಿ ಅವರನ್ನು ದೊಡ್ಡವ್ವ ಎನ್ನುತ್ತಾಳೆ. ದೊಡ್ಡವ್ವ ತೂತುಗಳ ನಡುವೆ ಇರುವ ವ್ಯತ್ಯಾಸವನ್ನೂ ತೋರಿಸಿದರು. ಹಮಾಲರ ಕೊಕ್ಕೆ ಚುಚ್ಚಿದ ತೂತಿನಲ್ಲಿ ಎಳೆ ಹರಿದಿರುವುದು ಕಡಿಮೆ, ಅಕ್ಕಪಕ್ಕಕ್ಕೆ ಸರಿದಿರುತ್ತದೆ. ಹೆಬ್ಬೆರಳಿನ ಉಗುರಿನಿಂದ ನಾಲ್ಕು ಕಡೆಯಿಂದ ತೀಡಿದರೆ ನೇಯ್ಗೆ ಕೂಡಿಕೊಳ್ಳುತ್ತದೆ, ದಾರವೇ ಬೇಡ. ಇಲಿ ಕಡಿದ ತೂತು ಹಾಗಲ್ಲ. ಅಲ್ಲಿ ಎಳೆ ತುಂಡಾಗಿದೆ, ಸುತ್ತ ನಾಲ್ಕು ಬೆರಳು ಜಾಗ ಬಿಟ್ಟು ತೇಪೆ ಹಾಕಬೇಕು. ತೇಪೆಯನ್ನು ಚೀಲದ ಒಳಗಡೆ ಇಡುತ್ತಾರೆ. ಕಾಳು ತುಂಬಿದಾಗ ಅದರ ಒತ್ತಡಕ್ಕೆ ತೇಪೆ ತೂತಿಗೆ ಇನ್ನಷ್ಟು ಒತ್ತಿಕೊಳ್ಳುತ್ತದೆ. ಹೊರಗಿಟ್ಟರೆ ಎಳೆದಾಡುವಾಗ ಉಜ್ಜಿ ಕಿತ್ತುಬರುತ್ತದೆ. ದಬ್ಬಣಕ್ಕೆ ಹುರಿ ಪೋಣಿಸಿ, ಎಳೆಗಳ ನಡುವೆ ಹಾಯಿಸಿ, ಪ್ರತಿ ನಾಲ್ಕೈದು ಹೊಲಿಗೆಗೊಂದು ಗಂಟು. ಗಂಟಿಲ್ಲದೆ ಉದ್ದಕ್ಕೆ ಹೊಲಿದರೆ ಒಂದು ಕಡೆ ಹುರಿ ಸವೆದು ತುಂಡಾದಾಗ ಪೂರ್ತಿ ಬಿಚ್ಚುತ್ತದೆ. ಈ ಹುರಿಯನ್ನೂ ಕೊಳ್ಳುವುದು ಕಡಿಮೆ. ಹರಿದ ಚೀಲದ ಎಳೆಯನ್ನೇ ಬಿಡಿಸಿ ಹೊಸೆಯುತ್ತಾರೆ.

ಕೊಳೆತದ್ದನ್ನು ಪತ್ತೆ ಮಾಡಲು ಬೆಳಕು ಸಾಲದು. ಸೆಣಬಿಗೆ ನೀರು ಸೇರಿ, ಗಾಳಿಯಾಡದೆ ಮಡಿಕೆಯಲ್ಲೇ ಕೂತರೆ ಕಪ್ಪು ಚುಕ್ಕೆ ಏಳುತ್ತದೆ. ಬೂಷ್ಟು ಮೇಲ್ಮೈಯಲ್ಲಿದ್ದರೆ ಬಿಸಿಲಿಗೆ ಹಾಕಿ ಉಳಿಸಬಹುದು. ಒಳಗಿಳಿದಿದ್ದರೆ ಎಳೆಯ ಜೀವ ಹೋಗಿರುತ್ತದೆ. ದೊಡ್ಡವ್ವ ಅಂಚಿನಿಂದ ಒಂದು ಎಳೆ ಕಿತ್ತು, ಎರಡೂ ಕೈಯಲ್ಲಿ ಹಿಡಿದು ಜಗ್ಗುತ್ತಾರೆ. ಗಟ್ಟಿ ಎಳೆ ಬೆರಳನ್ನು ಕೊಯ್ಯುವಂತೆ ನಿಂತು, ಚಟ್ಟೆಂದು ಹರಿಯುತ್ತದೆ. ಕೊಳೆತದ್ದು ಸದ್ದೇ ಮಾಡದೆ ಬಿಟ್ಟುಕೊಡುತ್ತದೆ. ಅಂಥ ಚೀಲ ನೋಡಲು ಹೊಸದರಂತಿದ್ದರೂ ತುಂಬಿ ಎತ್ತಿದಾಗ ತಳ ಕಳಚಿಕೊಳ್ಳುತ್ತದೆ. ಕೊಳ್ಳುವವರು ಈ ಪರೀಕ್ಷೆಯೊಂದನ್ನು ಕಲಿತರೆ ಸಾಕು, ಅರ್ಧ ಮೋಸ ತಪ್ಪುತ್ತದೆ.

ಉಳಿದರ್ಧ ಕಟ್ಟಿನಲ್ಲಿರುತ್ತದೆ. ಹಳೆ ಚೀಲವನ್ನು ಬಿಡಿಯಾಗಿ ಯಾರೂ ಮಾರುವುದಿಲ್ಲ, ಕಟ್ಟು ಕಟ್ಟಿ ಮಾರುತ್ತಾರೆ. ಕಟ್ಟಿನ ಮೇಲೆ ಕೆಳಗೆ ಒಳ್ಳೆಯವನ್ನಿಟ್ಟು ನಡುವೆ ಹರಕನ್ನು ಸೇರಿಸುವವರು ಇದ್ದೇ ಇರುತ್ತಾರೆ. ಎಣಿಕೆಯ ಲೆಕ್ಕದಲ್ಲಿ ಕೊಳ್ಳುವುದು ಒಳ್ಳೆಯದು. ತೂಕದಲ್ಲಿ ಕೊಂಡರೆ ತೇವಕ್ಕೂ ದುಡ್ಡು ತೆರಬೇಕಾಗುತ್ತದೆ. ಸೆಣಬು ಮಳೆಗಾಲದ ಗಾಳಿಯಿಂದಲೇ ನೀರು ಹೀರಿಕೊಳ್ಳುವ ನಾರು. ಕಟ್ಟು ಬಿಚ್ಚಿ ನಡುವಿನಿಂದ ಹತ್ತು ಚೀಲ ಎಳೆದು ನೋಡಲು ಬಿಡದ ವ್ಯಾಪಾರಿಯ ಹತ್ತಿರ ಮಾತು ಮುಂದುವರಿಸುವುದರಲ್ಲಿ ಅರ್ಥವಿಲ್ಲ. ಭಾಯ್ ಗೋದಾಮಿನಲ್ಲಿ ಕಟ್ಟು ಬಿಚ್ಚಿ ಎಂದು ಕೇಳಬೇಕಾಗಿಯೇ ಇಲ್ಲ, ಗಿರಾಕಿ ಬಂದೊಡನೆ ಹುಡುಗ ಹಗ್ಗ ಸಡಿಲಿಸಿರುತ್ತಾನೆ. ನಲವತ್ತು ವರ್ಷ ಒಂದೇ ಊರಿನಲ್ಲಿ ವ್ಯಾಪಾರ ಮಾಡಿದವರ ನಡತೆ ಅದು.

ಹಂಗಾಮಿನಲ್ಲಿ ಬಂದವರಿಗೆ ಮಾಲು ಸಿಗುವುದಿಲ್ಲ ಎಂಬುದು ಇಲ್ಲಿನ ಮೊದಲ ನಿಯಮ. ನವೆಂಬರಿನಲ್ಲಿ ಕೇಳುವವರು ನೂರಾರು ಜನ. ಗೋದಾಮಿನಲ್ಲಿರುವುದು ಜೂನ್‌ನಿಂದ ಅಕ್ಟೋಬರ್‌ವರೆಗೆ ಸಂಗ್ರಹವಾದದ್ದು ಮಾತ್ರ. ಆ ಐದು ತಿಂಗಳು ಮಳೆಗಾಲ. ಚೀಲ ಒಣಗುವುದಿಲ್ಲ, ಹೊಲಿಯುವವರು ನಾಟಿ, ಕಳೆ ಕೆಲಸಕ್ಕೆ ಹೋಗಿರುತ್ತಾರೆ. ಹಾಗಾಗಿ ತಿಳಿದ ಗಿರಣಿಯವರು ಬೇಸಿಗೆ ಬೆಳೆಯ ಕೊಯ್ಲು ಮುಗಿದ ಮೇ ಕೊನೆಯಲ್ಲೇ ಮುಂಗಾರು ಬೆಳೆಯ ಚೀಲಕ್ಕೆ ಮುಂಗಡ ಕೊಟ್ಟಿರುತ್ತಾರೆ. ಮುಂಗಡ ಎಂದರೆ ಬರೀ ಹಣವಲ್ಲ. ತಮ್ಮ ಗಿರಣಿಯಲ್ಲಿ ಉಳಿದ ಖಾಲಿ ಚೀಲವನ್ನೂ ಅದೇ ವ್ಯಾಪಾರಿಗೆ ಕೊಡುತ್ತಾರೆ. ಅವರು ಹೊಲಿದು, ವಿಂಗಡಿಸಿ, ಇಷ್ಟು ಭಾಗ ವಾಪಸ್ಸು ಕೊಡುವುದೆಂದು ಮಾತಾಗಿರುತ್ತದೆ. ಗಿರಣಿಯವರು ಏಕಕಾಲಕ್ಕೆ ಮಾರುವವರೂ ಹೌದು, ಕೊಳ್ಳುವವರೂ ಹೌದು. ಈ ಕೊಡುಕೊಳ್ಳುವಿಕೆಯಲ್ಲಿ ಇಲ್ಲದವರು, ಅಂದರೆ ಹೊಸದಾಗಿ ದಲಾಲಿ ಅಂಗಡಿ ತೆರೆದವರು, ಮೊದಲ ಸಲ ಸಾಮೂಹಿಕವಾಗಿ ಮಾರಲು ಹೊರಟ ರೈತ ಉತ್ಪಾದಕ ಕಂಪನಿಗಳು, ಸಾಲಿನ ಕೊನೆಯಲ್ಲಿ ನಿಲ್ಲುತ್ತಾರೆ. ಅವರಿಗೆ ಸಿಗುವುದು ಬೇರೆಯವರು ಬೇಡವೆಂದು ಬಿಟ್ಟದ್ದು, ಅದೂ ಏರಿದ ಬೆಲೆಗೆ.

ರೈತ ಕಂಪನಿಗಳಿಗೆ ನಾನು ಹೇಳುವುದಿಷ್ಟೇ: ಮೊದಲ ವರ್ಷ ಸಣ್ಣದಾಗಿ ಕೊಳ್ಳಿ, ಆದರೆ ಮೇ ತಿಂಗಳಲ್ಲಿ ಕೊಳ್ಳಿ. ಹೊತ್ತಿಗೆ ಸರಿಯಾಗಿ ಹಣ ಕೊಡಿ, ಹಂಗಾಮು ಮುಗಿದ ಮೇಲೆ ಖಾಲಿ ಚೀಲ ಅಲ್ಲಿಗೇ ಹಿಂದಿರುಗಿಸಿ. ಎರಡನೇ ವರ್ಷ ನಿಮ್ಮ ಹೆಸರಿಗೆ ಗೋದಾಮಿನಲ್ಲಿ ಒಂದು ಮೂಲೆ ಇರುತ್ತದೆ. ನವೆಂಬರಿನಲ್ಲಿ ಐದು ರೂಪಾಯಿ ಹೆಚ್ಚು ಕೊಡುತ್ತೇನೆ ಎಂದರೆ ಆ ಮೂಲೆ ಹುಟ್ಟುವುದಿಲ್ಲ.

ಇನ್ನೊಂದು ಎಚ್ಚರ ಬೇಕು. ಸರಕಾರಿ ಮುದ್ರೆಯ ಚೀಲ ಖಾಸಗಿ ಗೋದಾಮಿನಲ್ಲಿ ಕಂಡರೆ ಪಡಿತರ ಅಕ್ಕಿ ಕದ್ದದ್ದೇನೋ ಎಂಬ ಅನುಮಾನ ಮೊದಲು ಏಳುತ್ತದೆ. ಖಾಲಿ ಚೀಲ ಕೊಳ್ಳುವುದು ತಪ್ಪಲ್ಲ, ಆದರೆ ಯಾರಿಂದ, ಯಾವಾಗ, ಎಷ್ಟು ಎಂಬ ಬಿಲ್ಲು ಕೈಯಲ್ಲಿರಬೇಕು. ಮುದ್ರೆ ಒಳಗೆ ಹೋಗುವಂತೆ ತಿರುವಿ ತುಂಬುವ ರೂಢಿಯೂ ಇದಕ್ಕೇ. ಬಿಲ್ಲು ಕೊಡದೆ ಕಡಿಮೆ ಬೆಲೆಗೆ ಕೊಡುವವರ ಮಾಲು ಕೊನೆಗೆ ದುಬಾರಿಯೇ ಆಗುತ್ತದೆ.

ಯಾವ ಚೀಲದಲ್ಲಿ ಹಿಂದೆ ಏನಿತ್ತು ಎಂಬ ಪ್ರಶ್ನೆ ಎಲ್ಲಕ್ಕಿಂತ ಗಂಭೀರವಾದದ್ದು. ಗೊಬ್ಬರ, ಕೀಟನಾಶಕ, ರಾಸಾಯನಿಕ ತುಂಬಿದ್ದ ಚೀಲವನ್ನು ಎಷ್ಟು ತೊಳೆದರೂ ಆಹಾರಕ್ಕೆ ಬಳಸುವಂತಿಲ್ಲ. ಒಳ್ಳೆಯ ಗೋದಾಮಿನಲ್ಲಿ ಅವು ಬಾಗಿಲೊಳಕ್ಕೇ ಬರುವುದಿಲ್ಲ. ಬ್ಯಾಡಗಿ ಮೆಣಸಿನಕಾಯಿ ತುಂಬಿದ ಚೀಲದ ಘಾಟು, ಬೀಜ, ಪುಡಿ ನೇಯ್ಗೆಯಲ್ಲಿ ಕೂತಿರುತ್ತವೆ. ಅದು ಮೆಣಸಿನಕಾಯಿಗೇ ಮರಳಬೇಕು. ಬಡಿಯುವವರ ಕಣ್ಣು ಮೂಗು ಉರಿದು, ದಿನವಿಡೀ ನೀರು ಸುರಿಯುತ್ತದೆ. ಕಾಫಿ ಇನ್ನೂ ನಾಜೂಕು, ಪಕ್ಕದಲ್ಲಿದ್ದುದರ ವಾಸನೆಯನ್ನೆಲ್ಲ ಹೀರಿಕೊಳ್ಳುತ್ತದೆ. ಸೆಣಬನ್ನು ಮೆದುಗೊಳಿಸಲು ಗಿರಣಿಗಳಲ್ಲಿ ಖನಿಜ ತೈಲ ಬಳಸುವುದಿತ್ತು. ಆ ಸೀಮೆಎಣ್ಣೆಯಂಥ ವಾಸನೆ ಕಾಫಿಗೆ ಅಂಟುತ್ತದೆಂದು ವಿದೇಶದ ಖರೀದಿದಾರರು ತಕರಾರು ಮಾಡಿದ ಮೇಲೆ ಸಸ್ಯದ ಎಣ್ಣೆ ಬಳಸಿದ ಚೀಲಗಳು ಬಂದವು. ಕೊಡಗು, ಚಿಕ್ಕಮಗಳೂರು, ಸಕಲೇಶಪುರದ ಕಡೆ 50 ಕಿಲೊ ಕಾಫಿ ಚೀಲಗಳು ತೋಟ ಮತ್ತು ಕ್ಯೂರಿಂಗ್ ಘಟಕಗಳ ನಡುವೆ ಸುತ್ತುತ್ತಲೇ ಇರುತ್ತವೆ, ಹೊರಗಿನವರಿಗೆ ಸಿಗುವುದು ಕಡಿಮೆ. 60 ಕಿಲೊ ಲೆಕ್ಕದಲ್ಲಿ ಮಾರುವ ಹಸಿ ಶುಂಠಿಗೆ ಇಷ್ಟೆಲ್ಲ ಶುದ್ಧಿ ಬೇಕಿಲ್ಲ. ಮಣ್ಣು ಮೆತ್ತಿದ ಶುಂಠಿ ತುಂಬಿದ ಚೀಲ ಆಮೇಲೆ ಬೇರೆ ಯಾವುದಕ್ಕೂ ಬರುವುದೂ ಇಲ್ಲ.

ಕಣ್ಣಿಗೆ ಕಾಣದ ಬಾಡಿಗೆದಾರರೂ ಇರುತ್ತಾರೆ. ಖಾಪ್ರಾ ದುಂಬಿಯ ಮರಿಹುಳ ಚೀಲದ ಹೊಲಿಗೆಯ ಮಡಿಕೆಯಲ್ಲಿ ಸೇರಿಕೊಂಡು, ತಿನ್ನಲು ಏನೂ ಇಲ್ಲದಿದ್ದರೂ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ಬದುಕಿರುತ್ತದೆ. ಹೊಸ ಕಾಳು ಬಿದ್ದೊಡನೆ ಎಚ್ಚರಗೊಳ್ಳುತ್ತದೆ. ಈ ಹುಳಕ್ಕೆ ಹೆದರಿಯೇ ಅಮೆರಿಕ ನಮ್ಮಂಥ ದೇಶಗಳಿಂದ ಬರುವ ಬಳಸಿದ ಸೆಣಬಿನ ಚೀಲಗಳ ಮೇಲೆ ಕಟ್ಟುನಿಟ್ಟು ಹೇರಿದೆ. ಬೇಸಿಗೆಯ ಸುಡುಬಿಸಿಲಿನಲ್ಲಿ ಕಾದ ನೆಲದ ಮೇಲೆ ತಿರುವಿ ತಿರುವಿ ಒಣಗಿಸುವುದು ಎಲ್ಲರಿಗೂ ಆಗುವ ಉಪಾಯ. ಬಿತ್ತನೆ ಬೀಜ ತುಂಬುವವರು, ದೊಡ್ಡ ದಾಸ್ತಾನಿನವರು ಧೂಮೀಕರಣ ಮಾಡಿಸುತ್ತಾರೆ. ಅದನ್ನು ತರಬೇತಿ ಪಡೆದವರೇ ಮಾಡಬೇಕು. ಗುಳಿಗೆ ತಂದು ಮನೆಯ ಕೋಣೆಯಲ್ಲಿ ಚೀಲದ ನಡುವೆ ಇಟ್ಟು ಜೀವ ಕಳೆದುಕೊಂಡವರಿದ್ದಾರೆ. ದಯವಿಟ್ಟು ಯಾರೂ ಹಾಗೆ ಮಾಡಬಾರದು.

ಈ ಹಳೆ ಮಾಲಿನ ಬೆಲೆ ಸರಕಾರಗಳಿಗೆ ಗೊತ್ತಾದದ್ದು 2020ರಲ್ಲಿ. ಮಾರ್ಚ್ ಕೊನೆಗೆ ದೇಶ ಬಾಗಿಲು ಹಾಕಿದಾಗ ಹೂಗ್ಲಿ ದಂಡೆಯ ಗಿರಣಿಗಳೂ ನಿಂತವು. ಉತ್ತರದಲ್ಲಿ ಗೋಧಿ ಕಟಾವಿಗೆ ಬಂದಿತ್ತು. ಕೇಂದ್ರ ಸರಕಾರ ಪ್ಲಾಸ್ಟಿಕ್ ಚೀಲಕ್ಕೆ ಒಪ್ಪಿಗೆ ಕೊಟ್ಟಿತು, ಒಮ್ಮೆ ಬಳಸಿದ ಚೀಲಕ್ಕೂ ಕೊಟ್ಟಿತು. ಆ ಬಳಿಕ ಛತ್ತೀಸ್‌ಗಢ ಪಡಿತರ ಅಂಗಡಿಗಳಿಂದ, ಗಿರಣಿಗಳಿಂದ ಹಳೆ ಚೀಲ ಒಟ್ಟುಮಾಡುವುದನ್ನೇ ಭತ್ತ ಖರೀದಿಯ ಮುಖ್ಯ ತಯಾರಿಯಾಗಿ ಮಾಡಿಕೊಂಡಿತು. ರೈತರೂ ತಮ್ಮ ಚೀಲ ತರಲಿ ಎಂದು, 2021ರ ಹಂಗಾಮಿನಲ್ಲಿ ಒಂದಕ್ಕೆ 25 ರೂಪಾಯಿ ಗೊತ್ತುಮಾಡಿತು. ಅದೇ ವರ್ಷ ಬಿಹಾರದ ಶಾಲೆಗಳಲ್ಲಿ ಹತ್ತು ರೂಪಾಯಿಗೆ ಮಾರಿರೆಂದು ಆದೇಶವಾಗಿತ್ತು. ಬೇಕಾದವರ ಹತ್ತಿರ ಒಂದು ಬೆಲೆ, ಬೇಡವಾದವರ ಹತ್ತಿರ ಇನ್ನೊಂದು. ನಡುವಿನ ಅಂತರದಲ್ಲಿ ಬದುಕುವವರು ಹಳೆ ಚೀಲದ ವ್ಯಾಪಾರಿಗಳು, ಅವರ ಗೋದಾಮಿನ ಹೆಂಗಸರು.

ಪ್ಲಾಸ್ಟಿಕ್ ಚೀಲ ಅಗ್ಗ, ಹಗುರ. ಸಿಮೆಂಟು, ಗೊಬ್ಬರ ಎಂದೋ ಅದರೊಳಗೆ ಹೋದವು, ಖಾಸಗಿ ಅಕ್ಕಿಯೂ ಹೋಗಿದೆ. ಆದರೆ ಅದಕ್ಕೆ ಕೊಕ್ಕೆ ಹಾಕಿದರೆ ಹರಿದ ತೂತು ಕೂಡಿಕೊಳ್ಳುವುದಿಲ್ಲ, ಎತ್ತರಕ್ಕೆ ಪೇರಿಸಿದರೆ ಜಾರುತ್ತದೆ, ಬಿಸಿಲಿಗೆ ಬಿಟ್ಟರೆ ಪುಡಿಪುಡಿಯಾಗುತ್ತದೆ. ಹಸಿ ಇರುವ ಭತ್ತ ಅದರೊಳಗೆ ಬೆವರಿ ಮುಗ್ಗುತ್ತದೆ. ಗೋಣಿ ಉಸಿರಾಡುತ್ತದೆ. ಅದರ ಕೊನೆಗಾಲವೂ ದಂಡವಲ್ಲ. ಕಾಳಿಗೆ ಬಾರದ ಚೀಲ ಬೆಂಗಳೂರಿನ ಕಟ್ಟಡಗಳಿಗೆ ಹೋಗಿ, ಹೊಸ ಕಾಂಕ್ರೀಟ್ ಕಂಬಗಳಿಗೆ ಸುತ್ತಿಕೊಂಡು, ವಾರಗಟ್ಟಲೆ ನೀರು ಹಿಡಿದು ನಿಲ್ಲುತ್ತದೆ. ನರ್ಸರಿಗಳಲ್ಲಿ ಗಿಡದ ಬೇರಿನ ಮಣ್ಣು ಕಟ್ಟುತ್ತದೆ. ಮಲೆನಾಡಿನಲ್ಲಿ ಕೊಪ್ಪೆಯಾಗಿ ತಲೆಯ ಮೇಲೆ ಕೂತಿದ್ದೂ ಇದೇ. ಅದಕ್ಕೂ ಆಗದ್ದು ಹಟ್ಟಿಯಲ್ಲಿ ಕರುವಿನ ಹಾಸಿಗೆಯಾಗಿ, ಕೊನೆಗೆ ತಿಪ್ಪೆ ಸೇರಿ ಗೊಬ್ಬರವಾಗುತ್ತದೆ.

ಆದರೆ ಚೀಲ ಎರಡನೇ ಸಲ ಕಾಳು ಹೊರುತ್ತದೋ ನೇರವಾಗಿ ಕಾಂಕ್ರೀಟಿಗೆ ಹೋಗುತ್ತದೋ ಎಂಬುದು ತೀರ್ಮಾನವಾಗುವುದು ಗೋದಾಮಿನಲ್ಲಲ್ಲ, ಬಾಯಿ ಬಿಚ್ಚುವ ಗಳಿಗೆಯಲ್ಲಿ. ಗಿರಣಿಯಲ್ಲಿ ಚೀಲದ ಬಾಯಿಯನ್ನು ಯಂತ್ರದಿಂದ ಸರಪಳಿ ಹೊಲಿಗೆ ಹಾಕಿ ಮುಚ್ಚುತ್ತಾರೆ. ಆ ಹೊಲಿಗೆಗೆ ಒಂದು ಗುಣವಿದೆ: ಒಂದು ತುದಿಯ ದಾರ ಬಿಡಿಸಿ ಎಳೆದರೆ ಸರ್ರನೆ ಪೂರ್ತಿ ಬಿಚ್ಚುತ್ತದೆ; ಇನ್ನೊಂದು ತುದಿಯಿಂದ ಎಳೆದರೆ ಗಂಟು ಬಿದ್ದು ನಿಲ್ಲುತ್ತದೆ. ಸರಿಯಾದ ತುದಿ ಯಾವುದೆಂದು ಗೊತ್ತಿಲ್ಲದವರು, ಗೊತ್ತಿದ್ದೂ ಅವಸರದಲ್ಲಿರುವವರು ಬ್ಲೇಡ್ ತೆಗೆದು ಬಾಯಿಯ ಕೆಳಗೆ ಒಂದು ಗೆರೆ ಎಳೆದುಬಿಡುತ್ತಾರೆ. ನಾಲ್ಕು ಬೆರಳು ಬಟ್ಟೆ ಹೋಯಿತು, ಅಂಚೂ ಹೋಯಿತು. ಹೊಟ್ಟೆ ಗಟ್ಟಿ, ಬಾಯಿ ಹೋಗಿದೆ ಎಂದು ದೊಡ್ಡವ್ವ ತೋರಿಸಿದ್ದು ಇಂಥದ್ದೇ. ಅಂಥ ಚೀಲದ ಬಾಯಿ ಮಡಚಿ ಹೊಲಿದರೂ 50 ಕಿಲೊ ಹಿಡಿಸುವುದಿಲ್ಲ.

ಬ್ಲೇಡ್ ಹಾಕುವ ಹುಡುಗರನ್ನು ಬಯ್ಯುವುದು ಸುಲಭ. ಪಡಿತರ ಅಂಗಡಿಯ ಮುಂದೆ ಐವತ್ತು ಜನ ಸಾಲಾಗಿ ನಿಂತಿರುವಾಗ ದಾರದ ತುದಿ ಹುಡುಕುತ್ತ ಕೂರಲು ಅವರಿಗೇನು ಕಾರಣವಿದೆ? ಖಾಲಿ ಚೀಲದ ದುಡ್ಡು ಅವರ ಕೈಗೆ ಬರುವುದಿಲ್ಲ. ಅಕ್ಕಿಗೆ ಲೆಕ್ಕವಿದೆ, ಚೀಲಕ್ಕೆ ಲೆಕ್ಕವಿದೆ, ಚೀಲ ಉಳಿಸಿದ ಕೈಗೆ ಲೆಕ್ಕವಿಲ್ಲ. ಹೊಲಿಯುವವರ ಮಾತೂ ಹಾಗೆಯೇ. ಚೀಲಕ್ಕಿಷ್ಟು ಎಂದು ಎಣಿಸಿ ಕೊಡುವ ಕೂಲಿ, ದಿನವಿಡೀ ತೌಡಿನ ಧೂಳು, ಮೂಗಿಗೆ ಸೆರಗಿನ ಚುಂಗು. ಸಂಜೆ ಹೊತ್ತಿಗೆ ಗಂಟಲು ಕಟ್ಟಿರುತ್ತದೆ. ಎಳೆಯರು ಈ ಕೆಲಸಕ್ಕೆ ಬರುತ್ತಿಲ್ಲ. ಕೈಯಲ್ಲಿ ಹಿಡಿಯುವ ಹೊಲಿಗೆ ಯಂತ್ರ ಬಾಯಿ ಮುಚ್ಚಬಲ್ಲದು, ತೇಪೆ ಹಾಕಲಾರದು. ಚೀಲ ಖರೀದಿಸುವ ಸಂಸ್ಥೆಗಳು ಹೊಸ ಚೀಲಕ್ಕೆ ಕೊಡುವ ಹಣದ ಒಂದು ಸಣ್ಣ ಪಾಲನ್ನು ರಿಪೇರಿಯ ಕೂಲಿಗೆಂದು ತೆಗೆದಿಟ್ಟು, ಧೂಳು ಎಳೆದುಕೊಳ್ಳುವ ಫ್ಯಾನು, ಒಳ್ಳೆಯ ಮಾಸ್ಕು ಕೊಟ್ಟರೆ ಕೊರತೆಯ ವರ್ಷಗಳಲ್ಲಿ ಪರದಾಡುವುದು ತಪ್ಪೀತು.

ಭಾಯ್ ಅಷ್ಟರವರೆಗೆ ಕಾದಿಲ್ಲ. ಅವರು ನ್ಯಾಯಬೆಲೆ ಅಂಗಡಿಗಳಿಂದ ಚೀಲ ಎತ್ತುವಾಗ ಎರಡು ಬೆಲೆ ಕಟ್ಟುತ್ತಾರೆ. ದಾರ ಎಳೆದು ಬಿಚ್ಚಿದ್ದಕ್ಕೆ ಒಂದು, ಬ್ಲೇಡ್ ಹಾಕಿದ್ದಕ್ಕೆ ಅದಕ್ಕಿಂತ ಕಡಿಮೆ. ನಡುವಿನ ವ್ಯತ್ಯಾಸವನ್ನು ಅಂಗಡಿಯವರಿಗೆ ಕೊಡದೆ, ಚೀಲ ಬಿಚ್ಚುವ ಹುಡುಗರ ಕೈಗೇ ಕೊಡುತ್ತಾರೆ. ಮೊದಮೊದಲು ಅಂಗಡಿಯವರು ಗೊಣಗಿದರಂತೆ. ಈಗ ಆ ಅಂಗಡಿಗಳ ಹುಡುಗರಿಗೆ ಸರಿಯಾದ ತುದಿ ಕತ್ತಲಲ್ಲೂ ಸಿಗುತ್ತದೆ.